ಉಜಿಯ ಎರಡು ಚಹಾಗಳು

ನಾನು ಜಪಾನಿಗೆ ಹೋಗಿ ಬಂದೆನೆಂಬ ಸುದ್ದಿ ತಿಳಿದ ಮೇಲೆ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕೇಳಿದ ಮೊದಲ ಪ್ರಶ್ನೆ ಒಂದೇ: “ಸರ್, ಮಚ್ಚಾ ತಂದಿರಾ?” ಬೆಂಗಳೂರಿನ ಹುಡುಗರು ಒಬ್ಬರನ್ನೊಬ್ಬರು ‘ಮಚ್ಚಾ’ ಎಂದು ಕರೆದುಕೊಳ್ಳುತ್ತಾರಲ್ಲ, ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಹಿರಿಯ ಬಂಧುಗಳ ಅವಗಾಹನೆಗಾಗಿ ಮೊದಲೇ ಹೇಳಿಬಿಡುತ್ತೇನೆ. ಇದು ಹಸಿರು ಚಹಾದ ನುಣ್ಣನೆಯ ಪುಡಿ. ಈಗ ಜಗತ್ತಿನ ಎಲ್ಲ ಕಾಫಿ ಅಂಗಡಿಗಳಲ್ಲೂ ಇದಕ್ಕೆ ಬೇಡಿಕೆ. ನಾನು ಒಂದು ಡಬ್ಬಿಯನ್ನೂ ತರಲಿಲ್ಲ. ಮರೆತು ತರದೆ ಬಂದದ್ದಲ್ಲ, ಯೋಚಿಸಿಯೇ ತರಲಿಲ್ಲ. ಏಕೆಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಉಜಿ ಎಂಬುದು ಕ್ಯೋಟೋ ಮತ್ತು ನಾರಾ ನಗರಗಳ ನಡುವೆ, ಬಿವಾ ಸರೋವರದಿಂದ ಹರಿದು ಬರುವ ನದಿಯ ದಡದಲ್ಲಿರುವ ಊರು. ಕ್ಯೋಟೋದಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಓಸಾಕಾದಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗಳು 2025ರ ಮೇ ತಿಂಗಳಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದಳು. ವರ್ಷದ ಮೊದಲ ಚಿಗುರು ಕೀಳುವ ಕಾಲ ಅದು. ನದಿಗೆ ಅಡ್ಡಲಾಗಿರುವ ಉಜಿ ಸೇತುವೆಯನ್ನು ಮೊದಲು ಕಟ್ಟಿದ್ದು ಕ್ರಿ.ಶ. 646ರಲ್ಲಿ ಎನ್ನುತ್ತಾರೆ. ಇಂದಿನದು ಹಲವು ಬಾರಿ ಮರುನಿರ್ಮಾಣಗೊಂಡು ಉಳಿದಿರುವ ಸೇತುವೆ. ಅನತಿ ದೂರದಲ್ಲೇ ಬ್ಯೋದೋಇನ್ ದೇವಾಲಯವಿದೆ. 1053ರಲ್ಲಿ ಕಟ್ಟಿದ ಅದರ ‘ಫೀನಿಕ್ಸ್ ಮಂಟಪ’ ಕೊಳದ ನೀರಿನಲ್ಲಿ ತನ್ನ ನೆರಳನ್ನು ತಾನೇ ನೋಡಿಕೊಳ್ಳುತ್ತ ನಿಂತಿದೆ. ಒಳಗೆ ಶಿಲ್ಪಿ ಜೋಚೋ ಮರದಲ್ಲಿ ರೂಪಿಸಿದ ಅಮಿತಾಭ ಬುದ್ಧನ ಭವ್ಯ ಮೂರ್ತಿ. ಜಪಾನಿನ ಹತ್ತು ಯೆನ್ ನಾಣ್ಯದ ಮೇಲಿರುವುದು ಇದೇ ಮಂಟಪದ ಚಿತ್ರ. ‘ಗೆಂಜಿಯ ಕಥೆ’ ಎಂಬ ಪ್ರಾಚೀನ ಕಾದಂಬರಿಯ ಐವತ್ತನಾಲ್ಕು ಅಧ್ಯಾಯಗಳಲ್ಲಿ ಕೊನೆಯ ಹತ್ತು ಉಜಿಯ ಸುತ್ತಲೇ ನಡೆಯುತ್ತವೆ. ಇಷ್ಟೆಲ್ಲ ಇದ್ದರೂ ಇಂದು ಉಜಿ ಎಂದರೆ ಜನ ನೆನೆಯುವುದು ಚಹಾವನ್ನೇ. ದೇವಾಲಯಕ್ಕೆ ಹೋಗುವ ಬೀದಿಯುದ್ದಕ್ಕೂ ಎಲೆ ಹುರಿಯುವ ಘಮ. ರೈಲು ನಿಲ್ದಾಣದ ಮುಂದಿನ ಅಂಚೆಪೆಟ್ಟಿಗೆಯೂ ಚಹಾದ ಜಾಡಿಯ ಆಕಾರದ್ದೇ.

ಇಲ್ಲಿ ಒಂದು ಪದದ ವಿಚಾರ. ನಾವು ‘ಚಹಾ’ ಎನ್ನುತ್ತೇವೆ, ಅವರು ‘ಚಾ’ ಎನ್ನುತ್ತಾರೆ. ಎರಡರ ಮೂಲವೂ ಚೀನೀ ಭಾಷೆಯೇ. ಇಂಗ್ಲಿಷರ ‘ಟೀ’ ಕೂಡ ಅದೇ ಚೀನೀ ಮೂಲದ ಇನ್ನೊಂದು ಪ್ರಾಂತದ ಉಚ್ಚಾರಣೆ. ಹಡಗಿನ ವ್ಯಾಪಾರದೊಂದಿಗೆ ಯುರೋಪಿಗೆ ಹೋದದ್ದು. ಆದರೆ ಜಪಾನೀಯರು ದಿನದ ಮಾತಿನಲ್ಲಿ ಬರಿಯ ‘ಚಾ’ ಎನ್ನದೆ, ಗೌರವಸೂಚಕ ಉಪಸರ್ಗ ಸೇರಿಸಿ ‘ಓಚಾ’ ಎನ್ನುತ್ತಾರೆ. ಹಿರಿಯರನ್ನು ಬಹುವಚನದಲ್ಲಿ ಕರೆಯುವ ನಮಗೆ ಈ ಮರ್ಯಾದೆಯ ಅರ್ಥ ತಿಳಿಯದೇ ಇರದು.

ಈಗ ಇತಿಹಾಸಕ್ಕೆ ಬರೋಣ. ಏಸಾಯಿ ಎಂಬ ಝೆನ್ ಭಿಕ್ಷು 1191ರಲ್ಲಿ ಚೀನಾದಿಂದ ಚಹಾ ಬೀಜಗಳನ್ನು ತಂದನೆಂಬುದು ಪ್ರಸಿದ್ಧ. ಅವುಗಳಲ್ಲಿ ಕೆಲವು ಮ್ಯೋಎ ಎಂಬ ಇನ್ನೊಬ್ಬ ಭಿಕ್ಷುವಿನ ಕೈ ಸೇರಿ, ಅವನಿಂದ ಉಜಿಗೆ ಬಂದವು. ಬೀಜವನ್ನು ಎಷ್ಟು ಅಂತರದಲ್ಲಿ ಬಿತ್ತಬೇಕೆಂದು ತಿಳಿಯದ ಹಳ್ಳಿಗರಿಗೆ ಮ್ಯೋಎ ಕುದುರೆಯೇರಿ ಗದ್ದೆಯಲ್ಲಿ ನಡೆದು, ಗೊರಸಿನ ಗುರುತುಗಳಲ್ಲಿ ಬಿತ್ತಿರೆಂದು ಹೇಳಿದನಂತೆ. ಐತಿಹ್ಯವೇ ಇರಬಹುದು. ಆದರೂ ಮೇಷ್ಟರಾದವರಿಗೆ ಇದು ಪ್ರಿಯವಾದ ಐತಿಹ್ಯ. ಬಾಯಲ್ಲಿ ವಿವರಿಸುವುದಕ್ಕಿಂತ ನೆಲದ ಮೇಲೆ ಗುರುತು ಮಾಡಿ ತೋರಿಸುವುದೇ ಲೇಸೆಂದು ಆತ ಅರಿತಿದ್ದ!

ಉಜಿಯ ಹೆಸರನ್ನು ಎತ್ತರಕ್ಕೇರಿಸಿದ್ದು ನೆರಳು. ಚಿಗುರು ಮೂಡುವ ಹೊತ್ತಿಗೆ ತೋಟದ ಮೇಲೆ ಹಂದರ ಕಟ್ಟಿ, ಜೊಂಡಿನ ತಡಿಕೆ ಹಾಸಿ, ಅದರ ಮೇಲೆ ಭತ್ತದ ಹುಲ್ಲು ಹರಡಿ, ಮೂರು ವಾರಗಳಷ್ಟೋ ಅದಕ್ಕೂ ಹೆಚ್ಚೋ ಬಿಸಿಲನ್ನು ತಡೆಯುತ್ತಾರೆ. ಈಗ ಹೆಚ್ಚಿನ ಕಡೆ ಕಪ್ಪು ಬಲೆಯ ಹೊದಿಕೆ ಬಂದಿದೆ. ಮೊದಮೊದಲು ಇಬ್ಬನಿಯ ಹಿಮದಿಂದ ಚಿಗುರನ್ನು ಕಾಪಾಡಲು ಹೊದಿಸುತ್ತಿದ್ದರೆಂದೂ, ಹಾಗೆ ಬೆಳೆದ ಎಲೆಗೆ ಹೊಸ ರುಚಿ ಬಂದುದನ್ನು ಅನಂತರ ಕಂಡುಕೊಂಡರೆಂದೂ ಹೇಳುತ್ತಾರೆ. ಇದರ ರಸಾಯನ ಸರಳವಾದದ್ದು. ಎಲೆಯಲ್ಲಿರುವ ಥಿಯನೈನ್ ಎಂಬ ಅಂಶ ನಾಲಗೆಗೆ ಸವಿ ಕೊಡುತ್ತದೆ. ಬಿಸಿಲು ತಾಗಿದಾಗ ಅದು ಒಗರು ಕೊಡುವ ಕ್ಯಾಟೆಚಿನ್ ಆಗಿ ಮಾರ್ಪಡುತ್ತದೆ. ನೆರಳಿನಲ್ಲಿ ಸವಿ ಉಳಿಯುತ್ತದೆ, ಹಸಿರು ಗಾಢವಾಗುತ್ತದೆ. ಹೀಗೆ ಬೆಳೆದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಹೊಸೆಯದೆ ಒಣಗಿಸಿ, ನಾರು ನರ ತೆಗೆದು, ಬೀಸುವ ಕಲ್ಲಿನಲ್ಲಿ ಬೀಸಿದರೆ ಮಚ್ಚಾ. ಒಂದು ಕಲ್ಲು ಒಂದು ಗಂಟೆಯಲ್ಲಿ ಬೀಸುವುದು ಸುಮಾರು 40 ಗ್ರಾಂ ಮಾತ್ರ. ವೇಗ ಹೆಚ್ಚಿಸಿದರೆ ಕಲ್ಲು ಬಿಸಿಯೇರಿ ಪರಿಮಳ ಕೆಡುತ್ತದೆ.

ಈ ನೆರಳಿಗೆ ಇನ್ನೊಂದು ಮುಖವೂ ಇತ್ತು. ತೊಕುಗಾವಾ ಶೋಗನರ ಆಳ್ವಿಕೆಯಲ್ಲಿ ತೋಟಕ್ಕೆ ಹೀಗೆ ಹೊದಿಕೆ ಹಾಕುವ ಹಕ್ಕು ಉಜಿಯ ಕೆಲವು ಅಧಿಕೃತ ಚಹಾ ಮನೆತನಗಳಿಗೆ ಮಾತ್ರ ಮೀಸಲಾಗಿತ್ತು. ಪ್ರತಿವರ್ಷ ಶೋಗನರ ಚಹಾದ ಜಾಡಿಗಳು ಉಜಿಯಿಂದ ಎದೋ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ, ರಾಜಮರ್ಯಾದೆಯ ಮೆರವಣಿಗೆಯಲ್ಲಿ ಸಾಗುತ್ತಿದ್ದವು. ಜಾಡಿ ಬಂದಾಗ ದಾರಿಬದಿಯ ಜನ ತಲೆಬಾಗಿ ನಿಲ್ಲಬೇಕು. ಆ ಮೆರವಣಿಗೆಯ ಹೆದರಿಕೆಯಿಂದಲೇ ಹುಟ್ಟಿತೆನ್ನುವ ಮಕ್ಕಳ ಆಟದ ಹಾಡೊಂದು ಜಪಾನಿನಲ್ಲಿ ಇಂದಿಗೂ ಇದೆ. ಬೆಳೆದವನ ಹೊಲದ ಮುಂದೆಯೇ ಬೆಳೆ ಪಲ್ಲಕ್ಕಿಯೇರಿ ಹೋಗುವಾಗ ಬೆಳೆದವನು ಮಣ್ಣಿಗೆ ಹಣೆ ಹಚ್ಚಿರಬೇಕಾದ ವಿಪರ್ಯಾಸವನ್ನು ಊಹಿಸಿಕೊಳ್ಳಿ.

ಈ ಮನೆತನಗಳ ಆಚೆಗಿದ್ದ ರೈತರು ಏನು ಮಾಡಿದರು? ಉಜಿಯ ನೆರೆಯ ಬೆಟ್ಟದೂರು ಉಜಿತವಾರಾ. ಅಲ್ಲಿನ ನಗತಾನಿ ಸೋಯೆನ್ ಎಂಬ ಕೃಷಿಕನಿಗೆ ಹಂದರ ಹಾಕುವ ಹಕ್ಕಿರಲಿಲ್ಲ. ಅವನ ಪಾಲಿಗಿದ್ದದ್ದು ಬಿಸಿಲಿನ ಎಲೆ. ಆ ಕಾಲದ ಸಾಮಾನ್ಯರ ಚಹಾ ಕಂದುಬಣ್ಣದ್ದು, ರುಚಿಯೂ ಒರಟು. ಸೋಯೆನ್ ಹದಿನೈದು ವರ್ಷ ಶ್ರಮಿಸಿ, ಎಳೆಯ ಚಿಗುರನ್ನಷ್ಟೇ ಕಿತ್ತು, ಕೂಡಲೇ ಹಬೆಯಲ್ಲಿ ಬೇಯಿಸಿ, ಕೆಳಗಿನಿಂದ ಬಿಸಿ ತಾಗುವ ಮೇಜಿನ ಮೇಲೆ ಕೈಯಿಂದ ಹೊಸೆಯುತ್ತ ಹೊಸೆಯುತ್ತ ಒಣಗಿಸುವ ವಿಧಾನವನ್ನು ರೂಪಿಸಿದನೆಂದು ಹೇಳುತ್ತಾರೆ. ಆ ವರ್ಷ 1738. ಬಿಸಿನೀರು ಹೊಯ್ದೊಡನೆ ತಿಳಿಹಸಿರು ಬಣ್ಣ, ಹಿತವಾದ ಒಗರು, ಹಿಂದೆಯೇ ಸವಿ. ಅದೇ ‘ಸೆಂಚಾ’. ಅವನು ಅದನ್ನು ಎದೋಗೆ ಒಯ್ದ. ಯಮಾಮೊತೊ ಕಹೇಯಿ ಎಂಬ ವರ್ತಕನು ಅದನ್ನು ಮೆಚ್ಚಿ ಮಾರಿದ. ಮುಂದೆ ದೇಶವೇ ಅದನ್ನು ಕುಡಿಯತೊಡಗಿತು. ಸೋಯೆನ್ ತನ್ನ ವಿಧಾನವನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಕೇಳಿದವರಿಗೆ ಹೇಳಿಕೊಟ್ಟನೆಂದೂ ಪ್ರತೀತಿ. ಅವನ ಹುಟ್ಟೂರಿನಲ್ಲಿ ಅವನ ಮನೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಆದ್ದರಿಂದ ಉಜಿಗೆ ಒಂದಲ್ಲ, ಎರಡು ಚಹಾಗಳು. ಒಂದು ನೆರಳಿನದು, ಅರಮನೆಯದು, ಆಚರಣೆಯದು. ಇನ್ನೊಂದು ಬಿಸಿಲಿನದು, ಮನೆಮನೆಯದು, ಹಕ್ಕಿಲ್ಲದವನ ಬುದ್ಧಿಯಿಂದ ಹುಟ್ಟಿದ್ದು. ಮೊದಲನೆಯದನ್ನು ನಾನು ಕೀಳ್ಗಳೆಯುವುದಿಲ್ಲ. 16ನೆಯ ಶತಮಾನದ ಸೆನ್ ನೊ ರಿಕ್ಯೂ ಎಂಬ ಮಹಾನುಭಾವ ಎರಡು ಚಾಪೆಯಷ್ಟು ಜಾಗದಲ್ಲಿ ಅತಿಥಿ ಮತ್ತು ಆತಿಥೇಯರನ್ನು ಸಮಾನರಾಗಿ ಕುಳ್ಳಿರಿಸಿದ್ದು ಅದೇ ಪುಡಿಯ ನೆಪದಿಂದ. ನದಿಯ ದಡದಲ್ಲಿ ನಗರಸಭೆ ನಡೆಸುವ ಚಹಾಗೃಹದಲ್ಲಿ ನಾವೂ ಒಂದು ಬಟ್ಟಲು ಕುಡಿದೆವು. ಸಿಹಿ ತಿಂದು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನೊರೆಯನ್ನು ಗುಟುಕರಿಸಿದಾಗ ಆ ಕಹಿಯೂ ಹಿತವೆನಿಸಿತು. ನನ್ನ ಚಿಂತೆ ಎರಡನೆಯ ಚಹಾದ ಬಗ್ಗೆ.

ಬೀದಿಯ ಅಂಗಡಿಗಳಲ್ಲಿ ನಾನು ಕಂಡ ದೃಶ್ಯ ಹೀಗಿತ್ತು. ಮಚ್ಚಾ ಇರಬೇಕಾದ ಕಪಾಟು ಬರಿದು. ‘ಒಬ್ಬರಿಗೆ ಒಂದೇ ಡಬ್ಬಿ’ ಎಂಬ ಫಲಕ. ಬಾಗಿಲು ತೆರೆಯುವ ಮುನ್ನವೇ ಪ್ರವಾಸಿಗರ ಸಾಲು. ಪಕ್ಕದ ಕಪಾಟಿನಲ್ಲಿ ಆ ವರ್ಷದ ಹೊಸ ಸೆಂಚಾ ತುಂಬಿ ಕುಳಿತಿದೆ, ಕೇಳುವವರಿಲ್ಲ. 2024ರ ಶರತ್ಕಾಲದಲ್ಲೇ ಕ್ಯೋಟೋ ಸೀಮೆಯ ಹೆಸರಾಂತ ಚಹಾ ಮನೆಗಳು ಮಚ್ಚಾ ಮಾರಾಟಕ್ಕೆ ಮಿತಿ ಹೇರಿದ್ದವು. ಒಂದು ಅಂಗಡಿಯ ವೃದ್ಧೆ ನಮಗೆ ಸೆಂಚಾ ಮಾಡಿಕೊಟ್ಟರು. ಕುದಿದ ನೀರನ್ನು ಬಟ್ಟಲಿಂದ ಬಟ್ಟಲಿಗೆ ಸುರಿದು ಆರಿಸಿ, ಎಲೆಯ ಮೇಲೆ ಹೊಯ್ದು, ಒಂದು ನಿಮಿಷ ಕಾದು, ಕೊನೆಯ ಹನಿಯವರೆಗೂ ಬಸಿದರು. ಅದೇ ಎಲೆಯಿಂದ ಮೂರು ಸಲ. ಮೂರಕ್ಕೂ ಮೂರು ರುಚಿ. ತಂಗಿಯ ಮಗಳು ಅನುವಾದಿಸಿದಂತೆ ಅವರ ಮಾತು ಇಷ್ಟೇ: “ಈಗಿನ ಎಳೆಯರ ಮನೆಯಲ್ಲಿ ಚಹಾ ಕುಡಿಕೆಯೇ ಇರುವುದಿಲ್ಲ. ಎಲ್ಲರಿಗೂ ಬಾಟಲಿ.” ಹೌದು, ಡಬ್ಬಿಯಲ್ಲಿ ತುಂಬಿದ ಸೆಂಚಾ 1985ರಲ್ಲಿ, ಪ್ಲಾಸ್ಟಿಕ್ ಬಾಟಲಿಯದು 1990ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಮನೆಯ ಚಹಾ ಹಿಂದೆ ಸರಿಯುತ್ತ ಬಂದಿದೆ.

ನಿಮ್ಮಲ್ಲಿ ವ್ಯಾಪಾರ ಬಲ್ಲವರು ಆಕ್ಷೇಪಿಸಬಹುದು: “ಸರ್, ಬೇಡಿಕೆ ಬಂದರೆ ರೈತನಿಗೆ ಒಳ್ಳೆಯದೇ ಅಲ್ಲವೇ? ಅವರು ಮಾರುತ್ತಾರೆ, ನಾವು ಕೊಳ್ಳುತ್ತೇವೆ, ತಪ್ಪೇನು?” ಈ ಮಾತಿನಲ್ಲಿ ಸತ್ಯವಿದೆ. ಎಷ್ಟೋ ವರ್ಷ ಎಲೆಯ ಬೆಲೆ ಕುಸಿದು, ಮಕ್ಕಳು ಪೇಟೆ ಸೇರಿ, ಬೆಟ್ಟದ ತೋಟಗಳು ಪಾಳು ಬಿದ್ದಿದ್ದವು. ಈಗ ಬೆಲೆ ಏರಿರುವುದರಿಂದ ಮುದುಕರ ಮುಖದಲ್ಲಿ ನಗು ಕಂಡರೆ ಅದನ್ನು ದೂಷಿಸುವ ಅಧಿಕಾರ ನನಗಿಲ್ಲ. ಮಚ್ಚಾ ಐಸ್‌ಕ್ರೀಮ್ ತಿನ್ನುವ ಮಕ್ಕಳನ್ನು ಕಂಡು ಮೂಗು ಮುರಿಯುವವನೂ ನಾನಲ್ಲ. ನಾನೂ ಒಂದು ತಿಂದೆ.

ಆದರೆ ಗಿಡದ ಲೆಕ್ಕ ಬೇರೆ, ಮಾರುಕಟ್ಟೆಯ ಲೆಕ್ಕ ಬೇರೆ. ಹೊಸದಾಗಿ ನೆಟ್ಟ ಚಹಾ ಗಿಡ ತುಂಬು ಫಸಲು ಕೊಡಲು ಸುಮಾರು ಐದು ವರ್ಷ ಬೇಕು. ಅಷ್ಟು ಕಾಯಲಾರದ ಬೇಡಿಕೆಯನ್ನು ಪೂರೈಸುವ ದಾರಿ ಒಂದೇ: ಸೆಂಚಾದ ತೋಟಗಳಿಗೂ ಹೊದಿಕೆ ಹಾಕಿ ಅವನ್ನು ಪುಡಿಯ ತೋಟಗಳಾಗಿಸುವುದು. ಇದು ನಡೆದೇ ಇದೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಪುಡಿಗೆ ಬೇಕಾದ ಎಲೆಯ ಉತ್ಪಾದನೆ ಜಪಾನಿನಲ್ಲಿ ಎರಡು ಪಟ್ಟಿಗೂ ಮೀರಿ ಬೆಳೆದಿದೆ. ಒಟ್ಟು ಇಳುವರಿಯಲ್ಲಿ ಬಹುಕಾಲ ಮೊದಲ ಸ್ಥಾನದಲ್ಲಿದ್ದ ಶಿಜುವೋಕಾ ಪ್ರಾಂತವನ್ನು, ಯಂತ್ರಕ್ಕೆ ಒಗ್ಗುವ ವಿಶಾಲ ಸಮತಟ್ಟು ತೋಟಗಳ ಕಗೋಷಿಮಾ 2024ರಲ್ಲಿ ಹಿಂದಿಕ್ಕಿತು. ಹಂದರ ಎತ್ತುವುದು, ಹೊಸೆಯುವುದು ಎರಡೂ ವಿದ್ಯೆಗಳೇ. ಆದರೆ ಹೊಸೆಯುವ ವಿದ್ಯೆ ಬೆರಳುಗಳಲ್ಲಿದೆ. ಒಂದು ತಲೆಮಾರು ಅದನ್ನು ಕಲಿಯದೆ ಹೋದರೆ ಅದನ್ನು ಪುಸ್ತಕದಿಂದ ಮರಳಿ ಪಡೆಯಲಾಗದು. ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಳೆದವನಾಗಿ ನಾನು ಇದನ್ನು ಖಂಡಿತವಾಗಿ ಹೇಳಬಲ್ಲೆ: ಕಲಿಯುವವರಿಲ್ಲದ ವಿದ್ಯೆ ಕಲಿಸುವವನೊಂದಿಗೇ ಮಣ್ಣಾಗುತ್ತದೆ.

ಹೆಸರಿನ ಪ್ರಶ್ನೆಯೂ ಇದೆ. ‘ಉಜಿ ಚಹಾ’ ಎಂದರೆ ಉಜಿಯಲ್ಲೇ ಬೆಳೆದದ್ದೆಂದು ಭಾವಿಸಬೇಡಿ. ಅಲ್ಲಿನ ಚಹಾ ವರ್ತಕರೇ 2004ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಂತೆ ಕ್ಯೋಟೋ, ನಾರಾ, ಶಿಗಾ, ಮಿಯೆ ಎಂಬ ನಾಲ್ಕು ಪ್ರಾಂತಗಳ ಎಲೆಯನ್ನು ಕ್ಯೋಟೋ ಪ್ರಾಂತದೊಳಗೆ ಸಂಸ್ಕರಿಸಿದರೆ ಅದಕ್ಕೆ ಆ ಹೆಸರು ಸಲ್ಲುತ್ತದೆ. ಕೆಲವರಿಗೆ ಇದು ಸಡಿಲವೆನಿಸಬಹುದು. ನನಗೆ ಹಾಗೆನಿಸಲಿಲ್ಲ. ಮೇರೆಯನ್ನು ಬಹಿರಂಗವಾಗಿ ಬರೆದಿಟ್ಟು ಅದಕ್ಕೆ ಬದ್ಧರಾಗಿರುವುದು ಪ್ರಾಮಾಣಿಕತೆಯೇ. ಮಲೆನಾಡಿನ ಕಾಫಿ ತೋಟಗಳ ಮಕ್ಕಳಾದ ನಿಮ್ಮಲ್ಲಿ ಕೆಲವರಿಗೆ ಇದು ಬೇಗ ಅರ್ಥವಾದೀತು. ನಮ್ಮ ಕಾಫಿಯೂ ಮರದ ನೆರಳಿನ ಬೆಳೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನಗಿರಿಗಳ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಮಾನ್ಯತೆಯ ಕಾಗದ ದೊರೆತರೆ ಸಾಲದು. ಕುಡಿಯುವವನಿಗೆ ಒಂದರ ರುಚಿಗೂ ಇನ್ನೊಂದರ ರುಚಿಗೂ ಇರುವ ಭೇದ ತಿಳಿಯಬೇಕು. ಭೇದ ತಿಳಿಯದ ಗಿರಾಕಿಗೆ ಹಸಿರಾದದ್ದೆಲ್ಲ ಮಚ್ಚಾ, ಕಪ್ಪಾದದ್ದೆಲ್ಲ ಕಾಫಿ.

ನನ್ನ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ. ಸಂಪ್ರದಾಯವೆಂದರೆ ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಲ್ಲ. ಉಜಿಯ ನೆರಳೂ ಒಮ್ಮೆ ಹೊಸದಾಗಿತ್ತು, ಸೋಯೆನ್‌ನ ಹೊಸೆತವೂ ಹೊಸದಾಗಿತ್ತು. ನಾಳೆ ಇನ್ನೊಂದು ಬಂದರೆ ಬರಲಿ. ಆದರೆ ಒಂದು ಹೊಸ ಮೋಹಕ್ಕಾಗಿ ಸಾಮಾನ್ಯರ ಮನೆಯ ಬಟ್ಟಲು ಬರಿದಾಗಬಾರದು. ಅಂದು ಅರಮನೆಯ ಜಾಡಿಗೆ ದಾರಿ ಬಿಟ್ಟು ರೈತ ತಲೆಬಾಗಿ ನಿಂತಿದ್ದ. ಇಂದು ನಮ್ಮ ಮೊಬೈಲಿನ ಚಿತ್ರಗಳಿಗಾಗಿ ಅವನ ಸೆಂಚಾ ತಲೆಬಾಗಿ ದಾರಿ ಬಿಡಬೇಕೆ? ಪ್ರವಾಸಿಯಾಗಿ ಹೋದವನು ಕೊರತೆಯಿರುವ ಊರಿನಲ್ಲಿ ಹತ್ತು ಡಬ್ಬಿ ಕಟ್ಟಿಕೊಂಡು ಬರುವುದು, ಪಂಕ್ತಿಯಲ್ಲಿ ಪಕ್ಕದವನ ಎಲೆಗೆ ಬರುವ ಮೊದಲೇ ಪಾಯಸದ ಪಾತ್ರೆಯನ್ನು ಬರಿದು ಮಾಡಿದಂತೆ.

ಅದಕ್ಕಾಗಿಯೇ ನಾನು ತಂದದ್ದು ನೂರು ಗ್ರಾಂ ಸೆಂಚಾದ ಒಂದು ಪೊಟ್ಟಣ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ಪುಡಿಯ ಸಾಲಿನಲ್ಲಿ ನಿಲ್ಲುವ ಮೊದಲು ಪಕ್ಕದ ಕಪಾಟನ್ನೊಮ್ಮೆ ನೋಡಿ. ಸ್ವಲ್ಪವೇ ಕೊಳ್ಳಿ. ಮಾಡುವ ಕ್ರಮವನ್ನು ಅಂಗಡಿಯವರಿಂದಲೇ ಕೇಳಿ ಕಲಿಯಿರಿ. ಅವರಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೊಂದಿಲ್ಲ. ಮನೆಗೆ ಬಂದವರಿಗೆ ಮೂರು ಸಲ ಹೊಯ್ದು ಕುಡಿಸಿ. ಹಾಲು ಸಕ್ಕರೆ ಮಾತ್ರ ಬೇಡ, ದಯವಿಟ್ಟು! ನಮ್ಮ ಊರಿನ ಕಡೆ ಬಂದವರು ನನ್ನ ಪೊಟ್ಟಣ ಮುಗಿಯುವುದರೊಳಗೆ ಬನ್ನಿ. ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ಎದುರು ಪ್ರಶ್ನೆ ಕೇಳಿದವರೇ ನನಗೆ ಇಂದಿಗೂ ಹೆಚ್ಚು ನೆನಪಿರುವವರು.