ಪರಮಾಣುವೂ ಹಿಂಸಾದಾನವೂ

ಜೈನ ದರ್ಶನದಲ್ಲಿ ಪರಮಾಣುವೆಂದರೆ ಪುದ್ಗಲದ ಅವಿಭಾಜ್ಯ ಅಂಶ. ಸ್ನಿಗ್ಧ-ರೂಕ್ಷ ಗುಣಗಳಿಂದ ಪರಮಾಣುಗಳು ಬಂಧಗೊಂಡು ಸ್ಕಂಧವಾಗುತ್ತವೆ. ಇದನ್ನು ಮುಂದಿಟ್ಟುಕೊಂಡು, ಆಧುನಿಕ ವಿಜ್ಞಾನವನ್ನು ಪ್ರಾಚೀನ ಆಚಾರ್ಯರು ಮೊದಲೇ ಅರಿತಿದ್ದರೆಂದು ಹೇಳುವ ಉತ್ಸಾಹ ಕೆಲವರಲ್ಲಿದೆ. ಆದರೆ ವಿಜ್ಞಾನವು ಪರಮಾಣುವೆಂದು ಕರೆಯುವುದು ಒಡೆಯಬಲ್ಲದ್ದು. ಜೈನ ಪರಿಭಾಷೆಯಲ್ಲಿ ಅದು ಸ್ಕಂಧವೇ ಸರಿ. ಪರಮಾಣು ಯುಗಕ್ಕೆ ಈ ಪರಂಪರೆಯಿಂದ ದೊರೆಯಬೇಕಾದ ಬೆಳಕು ದ್ರವ್ಯವಿಚಾರದಲ್ಲಿಲ್ಲ, ಶ್ರಾವಕಾಚಾರದಲ್ಲಿದೆ.

1938ರ ಕೊನೆಯಲ್ಲಿ ಬರ್ಲಿನ್ನಿನ ಆಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ನಡೆಸಿದ ಪ್ರಯೋಗಗಳಲ್ಲಿ ಯುರೇನಿಯಂ ಬೀಜಕಣವು ಒಡೆಯುವುದು ಕಂಡುಬಂದಿತು. ಲೀಸ ಮೈಟ್ನರ್ ಮತ್ತು ಆಟೋ ಫ್ರಿಶ್ ಅದರ ಅರ್ಥವನ್ನು ವಿವರಿಸಿದರು. ನ್ಯೂಟ್ರಾನ್ ತಗುಲಿದ ಬೀಜಕಣ ಒಡೆದಾಗ ಅಪಾರ ಶಕ್ತಿಯೊಡನೆ ಎರಡು ಮೂರು ಹೊಸ ನ್ಯೂಟ್ರಾನ್‌ಗಳು ಹೊರಬೀಳುತ್ತವೆ. ಅವುಗಳಲ್ಲಿ ಸರಾಸರಿ ಒಂದು ಮಾತ್ರ ಮತ್ತೊಂದು ಬೀಜಕಣವನ್ನು ಒಡೆಯುವಂತೆ ನಿಯಂತ್ರಿಸಿದರೆ ಅದು ವಿದ್ಯುತ್ ಸ್ಥಾವರ. ನಿಯಂತ್ರಣವಿಲ್ಲದೆ ಕ್ಷಣಾರ್ಧದೊಳಗೆ ದ್ವಿಗುಣ, ಚತುರ್ಗುಣವಾಗಿ ಬೆಳೆಯಲು ಬಿಟ್ಟರೆ ಅದು ಬಾಂಬು. ನಿಸರ್ಗದ ನಿಯಮ ಎರಡಕ್ಕೂ ಒಂದೇ.

ಇಂಧನದಲ್ಲಿಯೂ ಈ ಸಾಮೀಪ್ಯವಿದೆ. ನೈಸರ್ಗಿಕ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235ರ ಪ್ರಮಾಣ ಶೇಕಡಾ 0.7 ಮಾತ್ರ. ಕೈಗಾದಂತಹ ಭಾರಜಲ ಸ್ಥಾವರಗಳಿಗೆ ಅಷ್ಟೇ ಸಾಕು. ಅನೇಕ ದೇಶಗಳ ಸ್ಥಾವರಗಳಲ್ಲಿ ಅದನ್ನು ಶೇಕಡಾ 3ರಿಂದ 5ಕ್ಕೆ ಏರಿಸಿ ಬಳಸುತ್ತಾರೆ. ಅದೇ ಯಂತ್ರಗಳಿಂದ ಶೇಕಡಾ 90ಕ್ಕೆ ಏರಿಸಿದರೆ ಆಯುಧವಾಗುತ್ತದೆ. ಉಳಿದ ಯುರೇನಿಯಂ-238 ಸ್ಥಾವರದೊಳಗೆ ನ್ಯೂಟ್ರಾನ್ ಹೀರಿ ಪ್ಲುಟೋನಿಯಂ ಆಗುತ್ತದೆ. ಬಳಸಿದ ಇಂಧನದಿಂದ ಅದನ್ನು ಬೇರ್ಪಡಿಸಿದರೆ ಬಾಂಬಿಗೆ ಎರಡನೆಯ ದಾರಿ ತೆರೆಯುತ್ತದೆ. ಹಿರೋಶಿಮಾದ ಮೇಲೆ ಬಿದ್ದದ್ದು ಮೊದಲನೆಯದು, ನಾಗಸಾಕಿಯ ಮೇಲೆ ಬಿದ್ದದ್ದು ಎರಡನೆಯದು.

ಭಾರತದ ಇತಿಹಾಸವೂ ಇದಕ್ಕೆ ಸಾಕ್ಷಿ. ಟ್ರಾಂಬೆಯ ಸೈರಸ್ ಸಂಶೋಧನಾ ಸ್ಥಾವರವನ್ನು ಕೆನಡಾ ಒದಗಿಸಿತು, ಭಾರಜಲವನ್ನು ಅಮೆರಿಕ ನೀಡಿತು. ಎರಡೂ ಶಾಂತಿಯುತ ಬಳಕೆಯ ಭರವಸೆಯ ಮೇಲೆ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸ್ಫೋಟಿಸಿದ್ದು ಆ ಸ್ಥಾವರದ ಪ್ಲುಟೋನಿಯಂ. ಅದನ್ನು ಶಾಂತಿಯುತ ಸ್ಫೋಟವೆಂದು ಕರೆಯಲಾಯಿತು. ಆ ಕಾರ್ಯದ ಮುಂದಾಳುಗಳಲ್ಲೊಬ್ಬರಾದ, ಕನ್ನಡ ನಾಡಿನ ರಾಜಾ ರಾಮಣ್ಣನವರೇ ಅದು ಬಾಂಬೆಂದು 1997ರಲ್ಲಿ ಒಪ್ಪಿಕೊಂಡರು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ ಹಿಂಸಾದಾನವನ್ನೂ ಎಣಿಸುತ್ತಾರೆ: ಹಿಂಸೆಗೆ ಸಾಧನವಾಗುವ ವಸ್ತುಗಳನ್ನು ಪರರಿಗೆ ಕೊಡುವುದು. ಆ ಪಟ್ಟಿಯಲ್ಲಿ ಖಡ್ಗದೊಡನೆ ಗುದ್ದಲಿಯೂ ಬೆಂಕಿಯೂ ಇವೆ. ಗುದ್ದಲಿಯಿಲ್ಲದೆ ಬೇಸಾಯವಿಲ್ಲ, ಬೆಂಕಿಯಿಲ್ಲದೆ ಅಡುಗೆಯಿಲ್ಲ. ಆದರೂ ಕೊಡುವವನು ಯಾರಿಗೆ, ಏತಕ್ಕೆ ಎಂದು ವಿಚಾರಿಸಬೇಕು. ಉಪಯುಕ್ತವೆಂಬ ಮಾತ್ರಕ್ಕೆ ವಸ್ತುವು ನಿರಪಾಯವಾಗದು.

ಆದ್ದರಿಂದ ಪರಮಾಣು ವಿದ್ಯುತ್ತನ್ನು ಪುಣ್ಯವೆಂದೂ ಬಾಂಬನ್ನು ಪಾಪವೆಂದೂ ಬೇರ್ಪಡಿಸಿ ನಿಶ್ಚಿಂತರಾಗುವುದು ಪ್ರಮಾದ. ಇವೆರಡರ ನಡುವಿನ ಗೋಡೆಯನ್ನು ಪ್ರಕೃತಿ ಕಟ್ಟಿಲ್ಲ. ಮನುಷ್ಯನ ಸಂಯಮವೇ ಕಟ್ಟಬೇಕು. ಇಂಧನದ ಲೆಕ್ಕ, ಅಂತಾರಾಷ್ಟ್ರೀಯ ತಪಾಸಣೆ ಇವು ಆ ಸಂಯಮದ ಬಾಹ್ಯ ರೂಪಗಳು, ಅವಮಾನಗಳಲ್ಲ. ಗುದ್ದಲಿಯೆಂದು ಪಡೆದು ಖಡ್ಗ ಮಾಡಿಕೊಂಡವನು ವ್ರತಿಯಲ್ಲ. ಖಡ್ಗವನ್ನು ತನ್ನಲ್ಲಿಟ್ಟುಕೊಂಡು ಇತರರ ಗುದ್ದಲಿಯನ್ನಷ್ಟೇ ಪರೀಕ್ಷಿಸುವವನೂ ವ್ರತಿಯಲ್ಲ.