ಕಡಲು ಎಲ್ಲರದು, ಕಾಯುವವರು ಯಾರು?

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮಂಗಳೂರು ದಕ್ಕೆಯಲ್ಲಿ, ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ನಿಲ್ಲುತ್ತವೆ. ಈ ನಿಯಮವನ್ನು ಬಹುಮಟ್ಟಿಗೆ ಎಲ್ಲರೂ ಪಾಲಿಸುತ್ತಾರೆ. ಆದರೆ 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ ಬೆಳಕು ಮೀನುಗಾರಿಕೆ ಮತ್ತು ಬುಲ್ ಟ್ರಾಲಿಂಗ್ ನಿಂತಿಲ್ಲವೆಂದು ನಾಡದೋಣಿ ಮೀನುಗಾರರು ಮತ್ತೆ ಮತ್ತೆ ದೂರಿದ್ದಾರೆ. ಎರಡೂ ಕಾನೂನುಗಳೇ. ಒಂದು ನಿಲ್ಲುತ್ತದೆ, ಇನ್ನೊಂದು ಜಾರುತ್ತದೆ. ಇದೇಕೆ?

ಮಳೆಗಾಲದಲ್ಲಿ ಆಳಕಡಲಿಗೆ ಇಳಿಯಬಾರದೆಂಬುದು ಸರಕಾರ ಹೇಳುವ ಮೊದಲೇ ನಮ್ಮ ಹಿರಿಯರ ರೂಢಿಯಾಗಿತ್ತು. ಯಾರ ಬೋಟು ದಡದಲ್ಲಿದೆ, ಯಾರದು ಇಲ್ಲ ಎಂಬುದು ಊರಿಗೆಲ್ಲ ಕಾಣುತ್ತದೆ. ಕೆಲಸವಿಲ್ಲದ ಕಷ್ಟವೂ ಎಲ್ಲರಿಗೂ ಒಂದೇ. ಬೆಳಕು ಮೀನುಗಾರಿಕೆ ಹಾಗಲ್ಲ. ಅದು ರಾತ್ರಿ, ದೂರದ ಕಡಲಲ್ಲಿ ನಡೆಯುತ್ತದೆ. 'ನಾನು ಬಿಟ್ಟರೆ ಇನ್ನೊಬ್ಬ ಬಾಚುತ್ತಾನೆ' ಎಂಬ ಭಯವೇ ಅಲ್ಲಿ ನಿಯಮವಾಗಿಬಿಡುತ್ತದೆ.

ಎಲ್ಲರಿಗೂ ಸೇರಿದ ಸಂಪತ್ತು ಇಂಥ ಪೈಪೋಟಿಯಿಂದ ಹಾಳಾಗುತ್ತದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಓಸ್ಟ್ರಮ್ ಇದನ್ನು ಒಪ್ಪಲಿಲ್ಲ. ಬಳಸುವವರೇ ಸೇರಿ ನಿಯಮ ಮಾಡಿ, ತಾವೇ ಕಾವಲಿದ್ದು, ತಪ್ಪಿದವರಿಗೆ ಮೊದಲು ಸಣ್ಣ ದಂಡ, ಮತ್ತೆ ತಪ್ಪಿದರೆ ದೊಡ್ಡ ದಂಡ ಹಾಕುವಲ್ಲಿ ಸಂಪತ್ತು ಉಳಿದಿದೆ ಎಂದು ಹಲವು ದೇಶಗಳ ಉದಾಹರಣೆ ಕೊಟ್ಟು ತೋರಿಸಿದರು.

ನಮಗೆ ಇದು ಹೊಸ ಪಾಠವಲ್ಲ. ರಂಪಣಿ ಬಲೆಯನ್ನು ಹತ್ತಾರು ಮಂದಿ ದಡದಿಂದ ಎಳೆದು, ಸಿಕ್ಕಿದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದ ಕಾಲವನ್ನು ಹಿರಿಯರು ಕಂಡಿದ್ದಾರೆ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಅದರೊಂದಿಗೆ ಪಾಲಿನ ಆ ಕಟ್ಟುಪಾಡೂ ಸಡಿಲವಾಯಿತು. ಹಳೆಯ ಬಲೆ ಮರಳಿ ಬರಲಾರದು. ಕಟ್ಟುಪಾಡನ್ನು ಮಾತ್ರ ಹೊಸದಾಗಿ ಕಟ್ಟಬಹುದು. ಟ್ರಾಲ್, ಪರ್ಸೀನ್, ನಾಡದೋಣಿಯವರು ಒಂದೇ ಕಡೆ ಕುಳಿತು ಒಪ್ಪಿದ ನಿಯಮಕ್ಕೆ ಗಸ್ತು ದೋಣಿಗಿಂತ ಹೆಚ್ಚು ಬಲವಿದೆ.

ಇದು ಮೀನುಗಾರರ ಹೊಣೆ ಮಾತ್ರವೇ? ರಾತ್ರಿಯ ಕಡಲು ನಮಗೆ ಕಾಣದಿರಬಹುದು, ಮಾರುಕಟ್ಟೆಯ ಬುಟ್ಟಿ ಕಾಣುತ್ತದೆ. ಬೆರಳುದ್ದದ ಮರಿ ಬಂಗುಡೆಯನ್ನು ಅಗ್ಗವೆಂದು ಕೊಳ್ಳುವಾಗ ಮುಂದಿನ ವರ್ಷದ ಮೀನನ್ನೇ ನಾವು ಸಾರು ಮಾಡುತ್ತೇವೆ. 'ಮರಿ ಮೀನು ನಮ್ಮ ಮನೆಗೆ ಬೇಡ' ಎಂಬ ಮಾತು ನಮ್ಮ ವಾರ್ಡು ಸಭೆಗಳಲ್ಲಿ, ಸ್ತ್ರೀ ಸಂಘಟನೆಗಳಲ್ಲಿ ಬರಲಿ. ಹತ್ತು ಮನೆಗಳು ಬೇಡವೆಂದರೆ ಮಾರುವವರು ಯೋಚಿಸುತ್ತಾರೆ. ನೂರು ಮನೆಗಳು ಹೇಳಿದರೆ ಅದೇ ಊರಿನ ರೂಢಿಯಾಗುತ್ತದೆ.