ಸೀರೆಯನ್ನು ಒಮ್ಮೆ ಹೊಳ್ಳಿಸಿ ನೋಡಿ

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಷೋನಲ್ಲಿ ಥೇಟ್ ಕೊಲ್ಹಾಪುರಿಯಂಥ ಚಪ್ಪಲಿ ತೋರಿಸಿ, ಅದರ ಮೂಲ ಯಾವುದೆಂದು ಹೇಳದೇ ಹೋದಾಗ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಎಲ್ಲರಿಗೂ ಸಿಟ್ಟು. ಆ ಚಪ್ಪಲಿಯ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿವೆ ಎಂದು ನಾನೂ ಒಂದು ಪೋಸ್ಟ್ ಹಾಕಿದ್ದೆ. ಲೈಕುಗಳು ಚೆನ್ನಾಗಿಯೇ ಬಂದವು. ಡಿಸೆಂಬರ್‌ನಲ್ಲಿ ಪ್ರಾಡಾ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿನ ಕುಶಲಕರ್ಮಿಗಳಿಂದಲೇ ಚಪ್ಪಲಿ ಮಾಡಿಸುವುದಾಗಿ ಹೇಳಿತು. ಅಷ್ಟರಲ್ಲಿ ನಾನು ಲಗ್ಗೆರೆಯ ಒಂದು ಕೋಣೆಯಲ್ಲಿ ಕೂತು ಪ್ರಾಡಾ ಮಾಡಿದ್ದನ್ನೇ ಮಾಡಿ ಮುಗಿಸಿದ್ದೆ. ಚಪ್ಪಲಿಗಲ್ಲ, ಕಸೂತಿಗೆ.

ಪಕ್ಕದಲ್ಲೇ ಪೀಣ್ಯ ಇರುವುದರಿಂದ ನಮ್ಮ ಏರಿಯಾದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ಹೆಚ್ಚು. ಮನೆಯ ಕೆಳಗಿನ ಮಹಡಿಯಲ್ಲಿ ಒಂದೋ ಎರಡೋ ಮಷೀನ್ ಇಟ್ಟುಕೊಂಡು ಕಂಪ್ಯೂಟರ್ ಎಂಬ್ರಾಯ್ಡರಿ ಜಾಬ್‌ವರ್ಕ್ ಮಾಡುವವರೂ ಇದ್ದಾರೆ. ಅಂಥ ಒಂದು ಯೂನಿಟ್‌ನಲ್ಲಿ ನಾನು ವಾರಾಂತ್ಯಕ್ಕೆ ಪಂಚಿಂಗ್ ಮಾಡುತ್ತೇನೆ. ಪಂಚಿಂಗ್ ಎಂದರೆ ಚಿತ್ರವನ್ನು ಹೊಲಿಗೆಯ ಲೆಕ್ಕವಾಗಿಸಿ ಮಷೀನ್‌ಗೆ ಫೈಲ್ ಕೊಡುವ ಕೆಲಸ. ಸೂಜಿ ಎಲ್ಲಿ ಇಳಿಯಬೇಕು, ಮುಂದೆ ಎತ್ತ ಹೋಗಬೇಕು, ಎಲ್ಲಿ ದಾರ ಕತ್ತರಿಸಬೇಕು ಎಂಬುದೆಲ್ಲ ಆ ಫೈಲ್‌ನಲ್ಲಿರುತ್ತದೆ.

ಒಂದು ದಿನ ಒಂದು ಬುಟಿಕ್‌ನಿಂದ ಆರ್ಡರ್ ಬಂತು. ಇಳಕಲ್ ಸೀರೆಯ ಮೇಲಿನ ಕಸೂತಿ ಆನೆಯ ಫೋಟೊ. ಅದೇ ಆನೆ ಬ್ಲೌಸ್ ಬೆನ್ನಿಗೂ ಸೀರೆಯ ಅಂಚಿಗೂ ಬೇಕು. ಸಾಫ್ಟ್‌ವೇರ್‌ನಲ್ಲಿ ಕ್ರಾಸ್ ಸ್ಟಿಚ್ ಫಿಲ್ ಎಂಬ ಆಯ್ಕೆ ಇದೆ. ಆಕಾರದ ಹೊರಗೆರೆ ಎಳೆದು, ಚೌಕದ ಅಳತೆ ಕೊಟ್ಟರೆ ಒಳಗೆಲ್ಲ ಗುಣಾಕಾರ ಚಿಹ್ನೆಯಂಥ ಹೊಲಿಗೆ ತುಂಬಿಕೊಳ್ಳುತ್ತದೆ. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ತುಂಬಿಸಿ ನೋಡಿದರೆ ಆನೆಗೆ ಬಾಲವೇ ಇಲ್ಲ! ಒಂದು ಚೌಕದಲ್ಲಿ ಆಕಾರದ ಅರ್ಧಕ್ಕಿಂತ ಕಡಿಮೆ ಭಾಗ ಬಿದ್ದರೆ ಆ ಚೌಕವನ್ನು ಬಿಟ್ಟುಬಿಡು ಎಂಬ ಸೆಟ್ಟಿಂಗ್ ಅದರಲ್ಲಿತ್ತು. ಸಪೂರ ಬಾಲ ಹಾಗೆ ಬಿಟ್ಟುಹೋಗಿತ್ತು. ಅಂಬಾರಿಯ ಎಡಬದಿಗೆ ಐದು ಮನೆ, ಬಲಬದಿಗೆ ನಾಲ್ಕು.

ನಮ್ಮ ಮೇಲಿನ ಮನೆಗೆ ಧಾರವಾಡ ಕಡೆಯ ಆಂಟಿಯೊಬ್ಬರು ಬಾಡಿಗೆಗೆ ಬಂದಿದ್ದಾರೆ. ಮದುವೆಗೆ ಮುಂಚೆ ಕಸೂತಿ ಹಾಕಿ ನಾಲ್ಕು ಕಾಸು ನೋಡಿದವರು. ಲ್ಯಾಪ್‌ಟಾಪ್ ತೋರಿಸಿದೆ. ‘ಗೆರಿ ಹೊಡದು ಯಾರ ಕಸೂತಿ ಹಾಕ್ತಾರಪಾ? ಎಳಿ ಎಣಸಬೇಕು’ ಎಂದು ನಕ್ಕರು. ನನ್ನ ತಪ್ಪು ಅಲ್ಲಿತ್ತು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಹಾಸು ಹೊಕ್ಕಿನ ಎಳೆ ಎಣಿಸಿಕೊಂಡೇ ಸೂಜಿ ಹೋಗುತ್ತದೆ. ಆನೆ ಹುಟ್ಟುವುದೇ ಮೆಟ್ಟಿಲು ಮೆಟ್ಟಿಲಾಗಿ. ಮತ್ತೆ ಗ್ರಾಫ್ ಹಾಳೆ ತಂದು, ಫೋಟೊ ದೊಡ್ಡದು ಮಾಡಿ, ಮನೆ ಮನೆ ಎಣಿಸಿ ತುಂಬಿದೆ. ಬಾಲ ಬಂತು.

ಇನ್ನೂ ಒಂದು ತೊಡಕಿತ್ತು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂಥಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಮೆಂತ್ಯ ಕಾಳಿನ ಹೆಸರು ಹೊತ್ತ ಮೆಂಥಿಯೇ ಕ್ರಾಸ್ ಸ್ಟಿಚ್. ಕೈಯಲ್ಲಿ ಹಾಕುವಾಗ ಒಂದು ಕ್ರಾಸ್ ಮುಗಿಸಿ ಮುಂದಿನದಕ್ಕೆ ಹೋಗುವ ದಾರ ಬಟ್ಟೆಯ ಹಿಂಬದಿಯಲ್ಲಿ ಹೋಗುತ್ತದೆ, ಯಾರಿಗೂ ಕಾಣದು. ಮಷೀನ್‌ನಲ್ಲಿ ಆ ಸೌಲಭ್ಯ ಇಲ್ಲ. ಅಲ್ಲಿರುವುದು ಎರಡು ದಾರ, ಮೇಲೆ ಸೂಜಿಯದು, ಕೆಳಗೆ ಬಾಬಿನ್‌ನದು. ಎರಡೂ ಪ್ರತಿ ಹೊಲಿಗೆಗೂ ಕೊಕ್ಕೆ ಹಾಕಿಕೊಳ್ಳುತ್ತವೆಯೇ ಹೊರತು ಮೇಲಿನ ದಾರ ಹಿಂಬದಿಗೆ ಹೋಗಿ ಓಡಾಡುವುದಿಲ್ಲ. ದಾರ ಕತ್ತರಿಸದೆ ಸೂಜಿ ಎಲ್ಲಿಗೆ ನಡೆದರೂ ಮುಂಬದಿಯಲ್ಲಿ ಗೆರೆ ಬೀಳುತ್ತದೆ. ಹಾಗಾಗಿ ಸೂಜಿ ಹಾಕಿದ ಕ್ರಾಸ್‌ಗಳ ಮೇಲೆಯೇ ನಡೆದು ಮುಂದಕ್ಕೆ ಹೋಗಬೇಕು. ಇಲ್ಲಿ ಚದುರಂಗದ ಒಂಟೆಯ ಕಷ್ಟ ಎದುರಾಗುತ್ತದೆ. ಕರ್ಣದ ಮೇಲೆ ಮಾತ್ರ ನಡೆಯುವ ಒಂಟೆ ಕಪ್ಪು ಮನೆಯಿಂದ ಬಿಳಿ ಮನೆಗೆ ಎಂದೂ ಬರುವುದಿಲ್ಲ ತಾನೆ? ಕ್ರಾಸ್‌ನ ಎರಡು ಕರ್ಣಗಳೂ ಹಾಗೆಯೇ, ಒಂದರ ತುದಿಯಿಂದ ಇನ್ನೊಂದರ ತುದಿಗೆ ಕರ್ಣದ ದಾರಿಯೇ ಇಲ್ಲ. ಎರಡೂ ಸಂಧಿಸುವ ನಡುಬಿಂದುವಿನಲ್ಲಿ ಸೂಜಿ ಇಳಿಸಿಯೇ ದಾರಿ ಬದಲಿಸಬೇಕು. ಇದರಿಂದ ಎರಡು ಹೊಲಿಗೆಯಲ್ಲಿ ಮುಗಿಯಬೇಕಾದ ಕ್ರಾಸ್‌ಗೆ ಆರೆಂಟು ಹೊಲಿಗೆ ಹಿಡಿಯುತ್ತದೆ. ಚೌಕ ತೀರಾ ಚಿಕ್ಕದಾದರೆ ದಾರ ಗಂಟು ಕಟ್ಟಿದಂತೆ ಉಬ್ಬುತ್ತದೆ. ನಾನು ಎರಡು ಮಿಲಿಮೀಟರ್ ಇಟ್ಟೆ. ನನ್ನ ಆನೆಗೆ ಸುಮಾರು 400 ಕ್ರಾಸ್, ಅಂದರೆ 3,000 ಹೊಲಿಗೆಯ ಆಸುಪಾಸು. ನಿಮಿಷಕ್ಕೆ 800 ಹೊಲಿಗೆ ಹಾಕುವ ಮಷೀನ್‌ಗೆ ನಾಲ್ಕು ನಿಮಿಷ. ಆಂಟಿಗೆ ಅದೇ ಆನೆಗೆ ಎರಡು ಮಧ್ಯಾಹ್ನ ಬೇಕಂತೆ.

ಮಾದರಿ ಪೀಸ್ ತೆಗೆದುಕೊಂಡು ಹೋಗಿ ಅವರಿಗೇ ಕೊಟ್ಟೆ. ಮುಂಬದಿ ಸವರಿ ‘ಚಂದ ಬಂದೈತಿ’ ಅಂದರು. ಆಮೇಲೆ ‘ಹೊಳ್ಳಿಸಿ ನೋಡೋಣು’ ಎಂದು ಬಟ್ಟೆ ತಿರುವಿದರು. ಹಿಂದೆ ಬಿಳಿ ಬಾಬಿನ್ ದಾರ, ಅಲ್ಲಲ್ಲಿ ಹರಿಯದೆ ಉಳಿದ ಬ್ಯಾಕಿಂಗ್ ಪೇಪರ್. ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ತಮ್ಮದೊಂದು ಹಳೆಯ ಕುಬಸದ ಕಣ ತಂದು ಪಕ್ಕದಲ್ಲಿ ಇಟ್ಟರು. ಅದರಲ್ಲಿ ಗವಂತಿಯಲ್ಲಿ ಹಾಕಿದ ಗೋಪುರ. ಯಾವುದು ಮುಂದೆ, ಯಾವುದು ಹಿಂದೆ ಎಂದು ನನಗೆ ಗೊತ್ತಾಗಲಿಲ್ಲ. ಒಂದೇ ಒಂದು ಗಂಟಿಲ್ಲ.

ಅದು ಹೇಗೆ ಸಾಧ್ಯ ಎಂದು ರಾತ್ರಿ ಕೂತು ಯೋಚಿಸಿದೆ. ಗ್ರಾಫ್ ಥಿಯರಿ ಓದಿದವರಿಗೆ ಆಯ್ಲರ್‌ನ ಸೇತುವೆ ಲೆಕ್ಕ ನೆನಪಿರಬಹುದು, 1736ರದ್ದು. ಎಲ್ಲ ಗೆರೆಗಳ ಮೇಲೂ ಒಂದೊಂದೇ ಸಲ ನಡೆದು ಹೊರಟಲ್ಲಿಗೇ ಬರುವುದು ಎಲ್ಲ ಚಿತ್ರದಲ್ಲೂ ಆಗುವುದಿಲ್ಲ. ಆದರೆ ಬಿಡಿ ತುಂಡುಗಳಿಲ್ಲದ ಚಿತ್ರದಲ್ಲಿ ಪ್ರತಿ ಗೆರೆಯ ಮೇಲೂ ಎರಡು ಸಲ ನಡೆಯಬಹುದು ಎಂದರೆ ಖಂಡಿತ ಆಗುತ್ತದೆ. ಗವಂತಿ ಮಾಡುವುದು ಅದನ್ನೇ. ಹೋಗುವಾಗ ಮುಂದೆ ಬಿದ್ದ ಜಾಗಕ್ಕೆ ಬರುವಾಗ ಹಿಂದೆ, ಹಿಂದೆ ಬಿದ್ದ ಜಾಗಕ್ಕೆ ಮುಂದೆ. ಒಂದೇ ದಾರ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಎಲ್ಲಿ ಕವಲೊಡೆಯಬೇಕು, ಎಲ್ಲಿಂದ ಮರಳಬೇಕು ಎಂಬುದನ್ನು ಕಾಗದದ ಹಂಗಿಲ್ಲದೆ ತಲೆಯಲ್ಲೇ ಇಟ್ಟುಕೊಳ್ಳುವುದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಆಂಟಿ. ನಾನು ಅದೇ ಪಾಠಕ್ಕೆ ಇಂಟರ್ನಲ್ಸ್‌ನಲ್ಲಿ ಎಷ್ಟು ತೆಗೆದೆ ಎಂಬುದು ಇಲ್ಲಿ ಬೇಡ.

ಈಗ ವಿಷಯಕ್ಕೆ ಬರೋಣ. ಸಾಫ್ಟ್‌ವೇರ್ ಕಸೂತಿಯನ್ನು ಕೊಲ್ಲುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಮಧ್ಯಾಹ್ನದ ಕೂಲಿ ಕೊಡಲಾಗದ ಹುಡುಗಿಯೊಬ್ಬಳು ಮಷೀನ್ ಆನೆಯ ಬ್ಲೌಸ್ ಹಾಕಿಕೊಂಡರೆ ಯಾರಿಗೂ ನಷ್ಟವಿಲ್ಲ. ನಷ್ಟ ಶುರುವಾಗುವುದು ಟ್ಯಾಗ್‌ನಲ್ಲಿ. ನಾವು ಕೊಟ್ಟ ಪೀಸ್‌ಗಳಿಗೆ ‘ಕಸೂತಿ ವರ್ಕ್’ ಎಂಬ ಟ್ಯಾಗ್ ಬಿತ್ತು. ಕಸೂತಿಗೆ ಜಿಐ ಇದೆ, ಅದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. 1999ರ ಜಿಐ ಕಾಯ್ದೆ ಸುಳ್ಳು ಹೆಸರು ಹಚ್ಚುವುದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ ಎನ್ನುತ್ತದೆ. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಕೊಳ್ಳುವವರ ಕೈಗೆ ಮುಟ್ಟುವುದು ಆ ಎರಡಿಂಚಿನ ಟ್ಯಾಗ್ ಮಾತ್ರ. ಮಷೀನ್ ಬೆಲೆಯ ಮಾಲನ್ನು ಅದೇ ಹೆಸರಿನಲ್ಲಿ ಮಾರಿದಾಗ ಕೈಕೆಲಸದವರು ‘ನಮ್ಮದು ಯಾಕೆ ಇಷ್ಟು ದುಬಾರಿ’ ಎಂದು ವಿವರಿಸುತ್ತಾ ಕೂರಬೇಕಾಗುತ್ತದೆ. ಆಂಟಿ ಕಸೂತಿ ಬಿಟ್ಟಿದ್ದು ಕಣ್ಣು ಮಂಜಾಗಿ ಅಲ್ಲ, ಅಂಗಡಿಯವರು ಮಷೀನ್ ರೇಟ್‌ಗೆ ಕೇಳತೊಡಗಿದ್ದಕ್ಕೆ.

ಕಾಶ್ಮೀರದಲ್ಲಿ ಪಶ್ಮೀನಾ ಶಾಲನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿ ಜಿಐ ಲೇಬಲ್ ಹಚ್ಚುತ್ತಾರೆ. ಕಸೂತಿಗೆ ಲ್ಯಾಬೂ ಬೇಡ, ತಿರುವಿ ನೋಡಿದರೆ ಸಾಕು. ಗವಂತಿ, ಮುರ್ಗಿ ಎರಡೂ ಬದಿ ಒಂದೇ ಥರ ಇರಬೇಕು. ಬಾಬಿನ್ ದಾರ ಕಂಡರೆ ಅದು ಮಷೀನ್. ನಿಗಮ ತನ್ನ ಕಾವೇರಿ ಮಳಿಗೆಗಳಲ್ಲಿ ಇದನ್ನು ಎರಡು ಸಾಲಿನ ಬೋರ್ಡ್ ಮಾಡಿ ಹಾಕಬಹುದು. ನಮ್ಮಂಥ ಯೂನಿಟ್‌ಗಳಿಗೆ ‘ಯಂತ್ರ ಕಸೂತಿ’ ಎಂದೋ ‘ಕಸೂತಿ ಮಾದರಿ’ ಎಂದೋ ಟ್ಯಾಗ್ ಕಡ್ಡಾಯ ಮಾಡಬಹುದು. ನಮಗೆ ಆರ್ಡರ್ ಕಡಿಮೆಯಾಗುತ್ತದೆಯೇ? ಸ್ವಲ್ಪ ಆಗಬಹುದು. ಆ ಸ್ವಲ್ಪ ನಮ್ಮದಾಗಿರಲಿಲ್ಲ.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಚಿತ್ರ ಕೊಟ್ಟರೆ ತಾನೇ ಪಂಚಿಂಗ್ ಮಾಡುವ ಎಐ ಟೂಲ್‌ಗಳು ಬಂದಿವೆ, ಬರಿಯ ಹೊರಗೆರೆ ಎಳೆಯುವವರಿಗೆ ಮುಂದೆ ಕಷ್ಟವಿದೆ. ನಾನು ಪ್ರಯತ್ನಿಸಿದ ಟೂಲ್ ಕೊಟ್ಟ ಆನೆಗೂ ಬಾಲ ಇರಲಿಲ್ಲ, ಅದನ್ನು ನೋಡಿ ಒಳಗೊಳಗೇ ಖುಷಿಯಾಯಿತು. ಎಣಿಕೆ ಬಲ್ಲವರಿಗೆ ಇನ್ನೂ ಜಾಗವಿದೆ. ಕಲಿಯಲು ದುಬಾರಿ ಲೈಸೆನ್ಸೂ ಬೇಡ, ಕದ್ದ ಕಾಪಿಯೂ ಬೇಡ. ಇಂಕ್‌ಸ್ಕೇಪ್‌ಗೆ ಸೇರಿಸಿಕೊಳ್ಳುವ ಇಂಕ್‌ಸ್ಟಿಚ್ ಉಚಿತ. ಅದರ ಕೋಡ್ ಕೂಡ ತೆರೆದೇ ಇದೆ, ಸೂಜಿ ದಾರಿ ಹುಡುಕುವುದು ಹೇಗೆಂದು ಓದಬಹುದು. ನಮ್ಮ ಮುರ್ಗಿ, ನೇಗಿಗಳನ್ನು ಅದಕ್ಕೆ ಸೇರಿಸುವುದು ಯಾರಾದರೂ ಫೈನಲ್ ಇಯರ್ ಪ್ರಾಜೆಕ್ಟ್ ಆಗಿ ತೆಗೆದುಕೊಳ್ಳಬಹುದಾದ ಕೆಲಸ. ನಾನಂತೂ ತೆಗೆದುಕೊಳ್ಳುವವನಿದ್ದೇನೆ.

ಟ್ಯಾಗ್ ವಿಷಯ ಓನರ್ ಅಣ್ಣನಿಗೆ ಹೇಳಿದೆ. ‘ನಾವು ಹೊಲ್ಕೊಡೋರು ಕಣೋ, ಟ್ಯಾಗ್ ಹಾಕೋದು ಅವ್ರು’ ಅಂದರು. ಬುಟಿಕ್‌ನವರಿಗೆ ಫೋನ್ ಮಾಡಿದೆ, ‘ಕಸ್ಟಮರ್ ಕೇಳೋದೇ ಕಸೂತಿ ಅಂತ’ ಎಂದರು. ಡಿಎಸ್‌ಟಿ ಫೈಲ್‌ನ ತಲೆಭಾಗದಲ್ಲಿ ಡಿಸೈನ್ ಹೆಸರಿಗೆಂದು 16 ಅಕ್ಷರದ ಜಾಗ ಇರುತ್ತದೆ. ಮೊದಲ ಸಲ ಅಲ್ಲಿ ಕಸೂತಿ ಎಂದು ಟೈಪ್ ಮಾಡಿದ್ದವನು ನಾನೇ. ಕಳೆದ ವಾರ ಅದೇ ಆನೆಗೆ ಇನ್ನೊಂದು ಆರ್ಡರ್ ಬಂದಾಗ ಅದನ್ನು ಅಳಿಸಿ ‘ಮಷೀನ್ ಕ್ರಾಸ್’ ಎಂದು ಬರೆದೆ. ಮಷೀನ್ ಆಪರೇಟರ್ ಸ್ಕ್ರೀನ್ ನೋಡಿ ‘ಕಸೂತಿ ಆನೆ ಫೈಲ್ ಎಲ್ಲೋ?’ ಎಂದು ಕೂಗಿದ. ಇದೇ ಅದು ಎಂದೆ. ಫ್ರೇಮ್ ಹಾಕಿ ಸ್ಟಾರ್ಟ್ ಒತ್ತಿದ.